ಐದು ಸಾವಿರದೊಳಗೆ

ಪಕ್ಕದ ತಗಡು ಬಿಚ್ಚಿದ ಕೂಡಲೆ ಮೊದಲು ಉದುರಿದ್ದು ಬೂದಿ.
ಹನ್ನೆರಡು ವರ್ಷದ ಬೂದಿ, ಮಂಡಕ್ಕಿ ಭಟ್ಟಿಯ ಹೊಟ್ಟಿನದು,
ಫ್ಯಾನಿನ ರೆಕ್ಕೆಗೆ ಕಂಬಳಿಯಾಗಿ ಕೂತಿತ್ತು.
'ಇದು ಕಂಪ್ಯೂಟರ್ರೇನಕ್ಕ, ಒಲೀನೋ?' ಅಂದ ಕೊಟ್ರೇಶಿ,
ಪೇಂಟಿನ ಬ್ರಶ್ಶಿಂದ ಗುಡಿಸುತ್ತ.
ಭಾಷಾನಗರದ ಹೊಗೆ ಬಾಡಿಗೆ ಕೊಡದೆ
ಇಷ್ಟು ದಿನ ನನ್ನಂಗಡಿಯಲ್ಲೇ ಇತ್ತೆಂದು
ಆಗಲೇ ತಿಳಿದದ್ದು ನನಗೆ.

ಪಟ್ಟಿ ಮಗ ತಿಪ್ಪೇಶಿಯದು,
ಕೆಟ್ಟುಹೋದ ಲಗ್ನಪತ್ರಿಕೆಯ ಬೆನ್ನಿಗೆ ಬರೆದದ್ದು:
ಯಾರೋ ಆಡಿ ಬಿಟ್ಟ ಗ್ರಾಫಿಕ್ಸ್ ಕಾರ್ಡು, ಎರಡು ಸಾವಿರದೆಂಟುನೂರು.
ಎಂಟು ಜೀಬಿ ರ್‍ಯಾಮು, ಒಂಬೈನೂರು.
ಎಸ್ಸೆಸ್ಡಿ, ಸಾವಿರದಿನ್ನೂರು.
ಪ್ರೊಸೆಸರ್ ಹಾಗೇ ಇರಲಿ, ಹಳಬನಾದರೂ ಗಟ್ಟಿಗ.
ಉಳಿದ ನೂರರಲ್ಲಿ ಕೊಟ್ರೇಶಣ್ಣನಿಗೆ ಬೆಣ್ಣೆದೋಸೆ.
ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ನಲವತ್ತೊಂದು ತೆಗೆದವನು
ನನ್ನ ಚೀಟಿ ದುಡ್ಡಿನಲ್ಲಿ
ಒಂದು ರೂಪಾಯಿ ಆಚೀಚೆ ಮಾಡಿರಲಿಲ್ಲ.

ಬೂದುಬಣ್ಣದ ಪೇಸ್ಟಿನ ಟ್ಯೂಬು ನನ್ನ ಕೈಗೆ ಕೊಟ್ಟು
'ದೋಸಿ ಮ್ಯಾಲೆ ಬೆಣ್ಣಿ ಹಾಕ್ದಂಗಲ್ಲಕ್ಕ,
ಕಡ್ಲಿಕಾಳಷ್ಟು ಸಾಕು' ಅಂದ.
ದಾವಣಗೆರೆಯಲ್ಲಿ ಹುಟ್ಟಿದ ಕೈ.
ಕಡಿಮೆ ಹಾಕುವುದು ಕಷ್ಟವೇ ಆಯಿತು.

ಕಾರ್ಡು ಕೂರಲಿಲ್ಲ. ಎರಡು ಬೆರಳು ಉದ್ದ ಜಾಸ್ತಿ.
ಅಡ್ಡ ಬಂದದ್ದು ಹಳೇ ಹಾರ್ಡ್ ಡಿಸ್ಕಿನ ಗೂಡು.
'ತೆಗೆದು ಬಿಸಾಕ್ರಿ, ಏನೈತಿ ಇದರಾಗ?'

ಏನಿದೆ.
ಚಿ॥ ರಾ॥ ಎಡಕ್ಕೆ, ಚಿ॥ ಕುಂ॥ ಸೌ॥ ಬಲಕ್ಕೆ,
ನಡುವೆ ಕಳಶ, ಕೆಳಗೆ
'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಎಂದು ಕರೆಯುವ,
ಇನ್ನೂ ಮಾತು ಬಾರದ ಕೂಸುಗಳ ಹೆಸರು.
ಹರಿಹರ, ಮಲೇಬೆನ್ನೂರು, ಜಗಳೂರಿನ ಮುಹೂರ್ತಗಳು.
ಆನಗೋಡಿನ ವಿರೂಪಾಕ್ಷನ ಕೊನೆ ಅಕ್ಷರ ಬಿದ್ದುಹೋಗಿ
ವರ ಬರೀ ವಿರೂಪನಾದ ಮುನ್ನೂರು ಕಾರ್ಡು,
ಕೈಯಿಂದ ದುಡ್ಡು ಹಾಕಿ ಮತ್ತೆ ಅಚ್ಚು ಮಾಡಿಸಿದ ರಾತ್ರಿ.
ಈಗ ಪತ್ರಿಕೆ ಫೋನಿನಲ್ಲೇ ಹುಟ್ಟಿ ಫೋನಿನಲ್ಲೇ ಅಳಿಯುತ್ತದೆ.
ನನಗುಳಿದದ್ದು ಜೆರಾಕ್ಸು, ಲ್ಯಾಮಿನೇಶನ್ನು.

ಗೂಡು ಮಾತ್ರ ಕಳಚಿದೆವು.
ಪತ್ರಿಕೆಗೆ ಕಟ್ಟುವ ಜರಿದಾರದ ಉಂಡೆ ತಂದೆ.
'ಜರಿ ಬ್ಯಾಡಕ್ಕ, ಶಾರ್ಟ್ ಆದೀತು.'
ಸರಿ, ಬರೀ ಕೆಂಪು ದಾರ.
ನಾಲ್ಕು ಸುತ್ತು ಸುತ್ತಿ, ಡಿಸ್ಕನ್ನು ತಳದ ತಗಡಿಗೆ ಕಟ್ಟಿ
ಗಂಟು ಹಾಕುವಾಗ ತಿಪ್ಪೇಶಿ
'ಮೂರು ಗಂಟಮ್ಮಾ' ಅಂತ ಕಿಸಕ್ಕೆಂದ.

ಮೊದಲು ಮೂರು ಸಲ ಕೂಗಿ ಸುಮ್ಮನಾಯಿತು.
ರ್‍ಯಾಮಿನ ಬಂಗಾರದ ಹಲ್ಲುಗಳನ್ನು
ಸ್ಕೂಲಿನ ರಬ್ಬರಿನಲ್ಲಿ ಉಜ್ಜಿ, ಟಕ್ ಅನ್ನುವ ತನಕ ಒತ್ತಿದೆವು.
ಬೆಳಕು ಬಂತು.
ಆಟ ಬಂತು, ಏದುಸಿರು ಬಿಡುತ್ತ.
'ನೆರಳು ಆಫ್ ಮಾಡಲೇ, ಓಡ್ತತಿ.'
ಮರಕ್ಕೂ ಮನುಷ್ಯರಿಗೂ ನೆರಳಿಲ್ಲದ ಆ ಊರಿನಲ್ಲಿ
ಮಗನ ಕಾರು ಹಾರಿತು,
ಅಶೋಕ ರಸ್ತೆಯ ರೈಲ್ವೆ ಗೇಟಿನಂಥದ್ದೊಂದೂ ಇಲ್ಲದೆ.

ಹತ್ತು ಗಂಟೆಗೆ ಕೀಬೋರ್ಡು ನನ್ನ ಕಡೆ ತಳ್ಳಿದ.
ಡ ಒತ್ತಿದರೆ ಮುಂದೆ, ಸ ಒತ್ತಿದರೆ ಹಿಂದೆ,
ಅ ಎಡಕ್ಕೆ, ದ ಬಲಕ್ಕೆ.
ಇಷ್ಟು ವರ್ಷ ಇದೇ ನಾಲ್ಕು ಅಕ್ಷರದಲ್ಲಿ
ಕಾರು ಓಡುವುದೆಂದು ಯಾರೂ ಹೇಳಿರಲಿಲ್ಲ.

ತಿರುವಿನಲ್ಲಿ ಆಳೆತ್ತರದ ಜಾಹೀರಾತು. ನಿಲ್ಲಿಸಿದೆ.
ಯಾವ ಭಾಷೆಯೋ ತಿಳಿಯಲಿಲ್ಲ, ಆದರೆ
ಮೂರನೇ ಅಕ್ಷರಕ್ಕೂ ನಾಲ್ಕನೆಯದಕ್ಕೂ ನಡುವೆ
ಜಾಗ ಜಾಸ್ತಿ ಬಿಟ್ಟಿದ್ದರು.
'ಅಮ್ಮಾ, ಹಿಂದೆ ಪೊಲೀಸು! ಡ ಒತ್ತು, ಡ!'
ಇರಪ್ಪ, ಅಂದೆ.
ಇದನ್ನ ಯಾರು ಕಂಪೋಸ್ ಮಾಡಿದ್ದು?